ಕೋವಿ ಮೂತಿಯ ಒಂದು ಮಿಲಿಮೀಟರ್ ಇಕ್ಕಟ್ಟು

ತೋಟಕ್ಕೆ ನೀರು ಬಿಡುವಾಗ ರಬ್ಬರ್ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ದೂರಕ್ಕೆ ಚಿಮ್ಮುತ್ತದೆ. ಬೆರಳು ತೆಗೆದರೆ ಕಾಲಬುಡದಲ್ಲೇ ಸುರಿಯುತ್ತದೆ. ಹಕ್ಕಿ ಬೇಟೆಯ ಕೋವಿಯಲ್ಲಿರುವ ‘ಚೋಕ್’ ಎಂಬ ಏರ್ಪಾಡನ್ನು ವಿವರಿಸುವವರು ಬಹುಮಟ್ಟಿಗೆ ಈ ಹೋಲಿಕೆಯಿಂದಲೇ ಶುರು ಮಾಡುತ್ತಾರೆ. ಹೋಲಿಕೆ ಅರ್ಧ ಸರಿ, ಅರ್ಧ ತಪ್ಪು. ಕೋವಿಯ ಮೂತಿಯನ್ನು ಇಕ್ಕಟ್ಟು ಮಾಡಿದ ಮಾತ್ರಕ್ಕೆ ಗುಂಡು ನೀರಿನಂತೆ ಹೆಚ್ಚು ವೇಗವನ್ನೇನೂ ಪಡೆಯುವುದಿಲ್ಲ. ಒಟ್ಟಿಗೆ ಹೊರಟ ನೂರಾರು ಸಣ್ಣ ಗುಂಡುಗಳು ಇನ್ನಷ್ಟು ದೂರದವರೆಗೆ ಒಟ್ಟಿಗೇ ಹೋಗುತ್ತವೆ, ಅಷ್ಟೆ. ಆದರೆ ಈ ‘ಅಷ್ಟೆ’ಯ ಸುತ್ತ ನೂರೈವತ್ತು ವರ್ಷಗಳ ಜಗಳ, ಪಂದ್ಯ, ಜಾಹೀರಾತು, ಪೇಟೆಂಟು ಮತ್ತು ಕಾನೂನುಗಳ ಕಥೆಯಿದೆ. ಆ ಕಥೆಯ ಹೆಚ್ಚಿನ ಭಾಗ ಫೆಸೆಂಟ್ ಎಂಬ ಉದ್ದ ಬಾಲದ ಹಕ್ಕಿಯ ಹಿಂದೆಯೇ ಓಡುತ್ತದೆ.

ರೈಫಲ್ ಒಂದೇ ಗುಂಡನ್ನು ಹಾರಿಸುತ್ತದೆ. ಹಾರುವ ಹಕ್ಕಿಗೆ ಒಂದೇ ಗುಂಡು ತಗಲಿಸುವುದು ಬಹುತೇಕ ಆಗದ ಮಾತು. ಅದಕ್ಕೆಂದೇ ಇರುವುದು ಮಲೆನಾಡು, ಕೊಡಗಿನ ಮಂದಿಗೆ ಚಿರಪರಿಚಿತವಾದ ತೋಟಾ ಕೋವಿ. ಇದರ ತೋಟಾದಲ್ಲಿ ದಪ್ಪ ಸಾಸಿವೆಯಿಂದ ಕಾಳುಮೆಣಸಿನವರೆಗಿನ ಗಾತ್ರದ ಗುಂಡುಗಳು, ಅಂದರೆ ಚರೆ, ತುಂಬಿರುತ್ತವೆ. ಇಂಗ್ಲೆಂಡಿನ ಲೆಕ್ಕದ ಆರನೇ ನಂಬರಿನ ಚರೆ ಒಂದು ಔನ್ಸಿಗೆ ಸುಮಾರು 270 ಇರುತ್ತವೆ. ಕುದುರೆ ಎಳೆದಾಗ ಇವೆಲ್ಲ ಒಂದು ಗುಂಪಾಗಿ ಹೊರಟು, ದೂರ ಹೋದಂತೆ ಅಗಲವಾಗಿ ಹರಡುತ್ತವೆ. ಎಷ್ಟು ದೂರದಲ್ಲಿ ಎಷ್ಟು ಅಗಲ ಎಂಬುದೇ ಬೇಟೆಗಾರನ ತಲೆನೋವು. ತೀರಾ ಹರಡಿದರೆ ಚರೆಗಳ ನಡುವೆ ಹಕ್ಕಿ ನುಸುಳಿ ಹೋಗುವಷ್ಟು ಜಾಗ ಉಳಿಯುತ್ತದೆ. ಇಲ್ಲವೇ ಒಂದೆರಡು ಚರೆ ಮಾತ್ರ ತಗಲಿ, ಗಾಯಗೊಂಡ ಹಕ್ಕಿ ಹುಲ್ಲಿನಲ್ಲಿ ಮರೆಯಾಗಿ ಎರಡು ದಿನ ನರಳಿ ಸಾಯುತ್ತದೆ. ತೀರಾ ಒತ್ತಾಗಿ ಹೋದರೆ ಗುರಿ ತಪ್ಪುವುದೇ ಹೆಚ್ಚು. ತಪ್ಪದೆ ತಗಲಿತೋ, ಹಕ್ಕಿಯ ಮೈಯಲ್ಲಿ ಮಾಂಸಕ್ಕಿಂತ ಸೀಸವೇ ಜಾಸ್ತಿ.

ಹನ್ನೆರಡು ಬೋರಿನ ಕೋವಿಯ ನಳಿಗೆಯ ಒಳವ್ಯಾಸ ಒಂದು ಅಂಗುಲದ ಸಾವಿರದಲ್ಲಿ 729 ಭಾಗ, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಸಮನಾದ ಗುಂಡು ಎರಕ ಹೊಯ್ದರೆ ಒಂದೊಂದೂ ಈ ನಳಿಗೆಗೆ ಸರಿಯಾಗಿ ಕೂರುತ್ತದೆ. ‘ಹನ್ನೆರಡು ಬೋರ್’ ಎಂಬ ಹೆಸರು ಬಂದದ್ದು ಅಲ್ಲಿಂದ. ಮೂತಿಯ ಕೊನೆಯ ಒಂದೆರಡು ಅಂಗುಲದಲ್ಲಿ ಈ ವ್ಯಾಸವನ್ನು ಸಾವಿರದಲ್ಲಿ 40 ಭಾಗ, ಅಂದರೆ ಒಂದು ಮಿಲಿಮೀಟರಿನಷ್ಟು ಕುಗ್ಗಿಸಿದರೆ ಅದು ‘ಫುಲ್ ಚೋಕ್’. ಏನೂ ಕುಗ್ಗಿಸದಿದ್ದರೆ ‘ಸಿಲಿಂಡರ್’. ನಡುವೆ ‘ಇಂಪ್ರೂವ್ಡ್ ಸಿಲಿಂಡರ್’, ‘ಮಾಡಿಫೈಡ್’ ಎಂಬ ಮೆಟ್ಟಿಲುಗಳಿವೆ. ನಲವತ್ತು ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಈಡು ಹೊಡೆದು, ತೂತುಗಳು ದಟ್ಟವಾಗಿರುವ ಕಡೆ 30 ಅಂಗುಲ ವ್ಯಾಸದ ವೃತ್ತ ಎಳೆದು, ಅದರೊಳಗಿನ ತೂತುಗಳನ್ನು ಎಣಿಸಬೇಕು. ತೋಟಾದಲ್ಲಿದ್ದ ಚರೆಯಲ್ಲಿ ನೂರಕ್ಕೆ ಎಪ್ಪತ್ತು ಭಾಗ ವೃತ್ತದೊಳಗೆ ಬಿದ್ದರೆ ಫುಲ್, ಅರವತ್ತಾದರೆ ಮಾಡಿಫೈಡ್, ಐವತ್ತಾದರೆ ಇಂಪ್ರೂವ್ಡ್ ಸಿಲಿಂಡರ್, ನಲವತ್ತಾದರೆ ಬರೀ ಸಿಲಿಂಡರ್. ಒಂದೇ ಈಡಿನಿಂದ ತೀರ್ಮಾನಿಸುವಂತಿಲ್ಲ. ಹತ್ತಾರು ಕಾಗದ ಕಟ್ಟಿ ಸರಾಸರಿ ತೆಗೆಯಬೇಕು. ಕೋವಿಯ ಮೇಲೆ ಕೆತ್ತಿದ ಅಕ್ಷರಕ್ಕಿಂತ ಈ ಕಾಗದದ ಸಾಕ್ಷಿಯೇ ದೊಡ್ಡದು ಎನ್ನುವುದು ಬಲ್ಲವರ ಮಾತು. ತೋಟಾ ಬದಲಾಯಿಸಿದರೆ ಅದೇ ನಳಿಗೆ ಬೇರೆಯೇ ಲೆಕ್ಕ ಕೊಡುವುದುಂಟು.

ಇಷ್ಟು ಸಣ್ಣ ಉಪಾಯ ಕಂಡುಹಿಡಿದವರು ಯಾರು? ಇಲ್ಲಿಂದ ಜಗಳ ಶುರು. ಹದಿನೆಂಟನೆಯ ಶತಮಾನದ ಕೊನೆಯ ಫ್ರೆಂಚ್ ಬೇಟೆ ಪುಸ್ತಕಗಳಲ್ಲೇ ಮೂತಿ ಕುಗ್ಗಿಸುವ ಮಾತು ಬರುತ್ತದೆ. ಆದರೆ ಆಗ ಅದು ಯಾರ ಕೈಗೂ ಹತ್ತಲಿಲ್ಲ. 1866ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಕೋವಿ ತಯಾರಕ ಡಬ್ಲ್ಯು. ಆರ್. ಪೇಪ್ ಪಡೆದ ಪೇಟೆಂಟಿನಲ್ಲಿ ಮೂತಿ ಇಕ್ಕಟ್ಟು ಮಾಡುವ ಕ್ರಮವೂ ಸೇರಿತ್ತು. 1868ರಲ್ಲಿ ಅಮೆರಿಕದ ಸಿಲ್ವೆಸ್ಟರ್ ರೋಪರ್ ಮೂತಿಗೆ ತಿರುಪಿ ಹಾಕಿ ತೆಗೆಯಬಹುದಾದ ಚೋಕ್‌ಗೆ ಪೇಟೆಂಟ್ ಪಡೆದ. ಅದೇ ಸುಮಾರಿಗೆ ಇಲಿನಾಯ್ ನದಿಯ ಬಾತುಕೋಳಿ ಬೇಟೆಗಾರ ಫ್ರೆಡ್ ಕಿಂಬಲ್ ತಾನೇ ನಳಿಗೆ ಕೊರೆದು ಪ್ರಯೋಗ ಮಾಡುತ್ತಿದ್ದ. ಮೊದಲ ಪ್ರಯತ್ನದಲ್ಲಿ ಕೋವಿ ಮೊದಲಿಗಿಂತ ಕೆಟ್ಟದಾಗಿ ಹೊಡೆಯಿತಂತೆ. ಕೆಟ್ಟಿತೆಂದು ಮೂತಿಯ ಇಕ್ಕಟ್ಟನ್ನು ಮತ್ತೆ ಕೊರೆದು ತೆಗೆಯಲು ಹೋಗಿ, ಎಲ್ಲವೂ ಹೋಗದೆ ಸ್ವಲ್ಪ ಉಳಿದಾಗ, ಅದೇ ಕೋವಿ ಅದ್ಭುತವಾಗಿ ಹೊಡೆಯತೊಡಗಿತು ಎಂಬುದು ಅವನೇ ಹೇಳಿಕೊಂಡ ಕಥೆ. ಎಷ್ಟು ನಿಜವೋ, ಎಷ್ಟು ಬೇಟೆಗಾರನ ಬಾಯಿಮಾತೋ! ಆದರೆ ಕಥೆಯ ತಿರುಳು ಸರಿ. ಹೆಚ್ಚು ಇಕ್ಕಟ್ಟಾದರೆ ಮೆತ್ತನೆಯ ಸೀಸದ ಚರೆಗಳು ಒಂದಕ್ಕೊಂದು ಉಜ್ಜಿ ಆಕಾರ ಕೆಟ್ಟು ದಿಕ್ಕಾಪಾಲಾಗುತ್ತವೆ, ಹರಡುವಿಕೆ ಮೊದಲಿಗಿಂತ ಹೆಚ್ಚುತ್ತದೆ. ಲಾಭ ಸಿಗುವುದು ಒಂದು ಮಿತಿಯವರೆಗೆ ಮಾತ್ರ.

ಕಂಡುಹಿಡಿದವರು ಹಲವರಿರಬಹುದು. ಜಗತ್ತಿಗೆ ಮಾರಿದವನು ಒಬ್ಬನೇ. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರ್. 1874ರ ಆರಂಭದಲ್ಲಿ ಗಿರಾಕಿಯೊಬ್ಬ ಬರೆದ ಪತ್ರದಲ್ಲಿದ್ದ ಸೂಚನೆಯಿಂದ ತನಗೆ ಈ ವಿಚಾರ ಹೊಳೆಯಿತೆಂದು ಆತ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆ ಗಿರಾಕಿಯ ಹೆಸರು ಚರಿತ್ರೆಯಲ್ಲಿ ಉಳಿಯದೆ ಹೋದದ್ದು ಬೇರೆ ಮಾತು. ಪತ್ರ ನೋಡಿ ಸುಮ್ಮನಾಗದೆ ಗ್ರೀನರ್ ಅದಕ್ಕೆ ಬೇಕಾದ ಹತ್ಯಾರುಗಳನ್ನು ರೂಪಿಸಿದ, ನಳಿಗೆಯಿಂದ ನಳಿಗೆಗೆ ವ್ಯತ್ಯಾಸವಾಗದಂತೆ ಕೊರೆಯುವುದನ್ನು ಸಾಧಿಸಿದ. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ‘ದಿ ಫೀಲ್ಡ್’ ಪತ್ರಿಕೆಯಲ್ಲಿ ಅವನ ಕೋವಿಯ ಬಗ್ಗೆ ಲೇಖನ ಬಂತು. ಬೆನ್ನಿಗೇ ಗ್ರೀನರನ ಜಾಹೀರಾತು: ತನ್ನ ಹನ್ನೆರಡು ಬೋರ್ ಕೋವಿ ನಲವತ್ತು ಗಜದಲ್ಲಿ ಮೂವತ್ತಂಗುಲದ ವೃತ್ತಕ್ಕೆ ಸರಾಸರಿ 210 ಚರೆ ಹಾಕುತ್ತದೆ! ತೋಟಾದಲ್ಲಿದ್ದದ್ದು ಒಂದೂಕಾಲಿಗೆ ಅರೆಪಾವು ಕಡಿಮೆ, ಅಂದರೆ ಒಂದು ಮತ್ತು ಎಂಟನೇ ಒಂದು ಔನ್ಸ್. ಸುಮಾರು 304 ಚರೆ. ಸಾಮಾನ್ಯ ಸಿಲಿಂಡರ್ ಕೋವಿ ಅಲ್ಲಿ ನೂರಿಪ್ಪತ್ತರ ಆಸುಪಾಸಿನಲ್ಲಿ ಹಾಕಿದರೆ ಹೆಚ್ಚು. ಓದಿದವರು ನಂಬಲಿಲ್ಲ. 210ನ್ನು 304ರಿಂದ ಭಾಗಿಸಿ ನೋಡಿ, ಇಂದಿಗೂ ಫುಲ್ ಚೋಕ್‌ನ ಲಕ್ಷಣವೆಂದು ಹೇಳುವ ಶೇಕಡಾ ಎಪ್ಪತ್ತರ ಅಂಕಿ ಬಹುತೇಕ ಅಲ್ಲೇ ಕೂತಿದೆ.

‘ದಿ ಫೀಲ್ಡ್’ನ ಸಂಪಾದಕ ಜಾನ್ ಹೆನ್ರಿ ವಾಲ್ಷ್ ಸಾಮಾನ್ಯನಲ್ಲ. ವೃತ್ತಿಯಿಂದ ಶಸ್ತ್ರವೈದ್ಯ, ‘ಸ್ಟೋನ್‌ಹೆಂಜ್’ ಎಂಬ ಕಾವ್ಯನಾಮದಲ್ಲಿ ನಾಯಿ, ಕುದುರೆ, ಕೋವಿಗಳ ಬಗ್ಗೆ ಬರೆಯುತ್ತಿದ್ದವನು. ಕೋವಿ ಸಿಡಿದು ಎಡಗೈಗೆ ತೀವ್ರ ಪೆಟ್ಟಾದ ಅನುಭವವೂ ಇತ್ತು. 1868ರಲ್ಲಿ ಇದೇ ಪತ್ರಿಕೆಯ ಕಚೇರಿಯಲ್ಲಿ ಸೇರಿದ ಸಭೆಯಲ್ಲಿ ಹುಟ್ಟಿದ ಕ್ರೋಕೆ ಕ್ಲಬ್ಬೇ ಮುಂದೆ ವಿಂಬಲ್ಡನ್ ಟೆನಿಸ್‌ನ ಮನೆಯಾಯಿತು. ಟೆನಿಸ್ ನೋಡುವವರಿಗೂ ಕೋವಿಯ ಜಗಳಕ್ಕೂ ಇಷ್ಟು ನಂಟು! ವಾಲ್ಷ್ ಬಾಯಿಮಾತಿಗೆ ಬಿಡದೆ 1875ರಲ್ಲಿ ಬಹಿರಂಗ ಪರೀಕ್ಷೆ ಏರ್ಪಡಿಸಿದ. ಗ್ರೀನರನ ಚೋಕ್ ಕೋವಿಗಳು ಗೆದ್ದವು. ಹಳೆಯ ಸಿಲಿಂಡರ್ ಪಕ್ಷದವರು ಸುಮ್ಮನಾದರೇ? ಇಲ್ಲ. ನಳಿಗೆ ಬೇಗ ಸವೆಯುತ್ತದೆ, ಸಿಡಿಯುತ್ತದೆ, ಹಕ್ಕಿ ಚಿಂದಿಯಾಗುತ್ತದೆ ಎಂದು ವರ್ಷಗಟ್ಟಲೆ ಪತ್ರ ಬರೆದರು. ಕೊನೆಯ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇರಲಿಲ್ಲ, ಅದಕ್ಕೆ ಮುಂದೆ ಬರೋಣ. ಇಂಗ್ಲೆಂಡಿನಲ್ಲಿ ಮೊದಲು ಚೋಕ್ ಮಾಡಿದವನಿಗೆ ಎಂದು ಇಟ್ಟಿದ್ದ ಬಹುಮಾನದ ಬಟ್ಟಲು ಮಾತ್ರ ಗ್ರೀನರನಿಗೆ ದಕ್ಕದೆ, 1866ರ ಪೇಟೆಂಟಿನ ಬಲದ ಮೇಲೆ ಪೇಪ್‌ನ ಪಾಲಾಯಿತು. ಈ ಪೇಪ್ ಇನ್ನೊಂದು ಕಾರಣಕ್ಕೂ ಹೆಸರಾದವನು. 1859ರಲ್ಲಿ ನ್ಯೂಕ್ಯಾಸಲ್‌ನಲ್ಲಿ ನಡೆದ, ಮೊದಲನೆಯದೆಂದು ಎಣಿಸಲಾಗುವ ಶ್ವಾನ ಪ್ರದರ್ಶನದಲ್ಲಿ ಗೆದ್ದ ನಾಯಿಗಳ ಒಡೆಯರಿಗೆ ಬಹುಮಾನವಾಗಿ ಸಿಕ್ಕಿದ್ದು ಇವನು ಮಾಡಿದ ಕೋವಿಗಳು.

1875ರಿಂದಲೇ ಇಂಗ್ಲೆಂಡಿನ ಕೋವಿ ಪರೀಕ್ಷಾ ಕೇಂದ್ರಗಳು ಚೋಕ್ ಇರುವ ನಳಿಗೆಗಳ ಮೇಲೆ ‘ನಾಟ್ ಫಾರ್ ಬಾಲ್’ ಎಂಬ ಮುದ್ರೆ ಒತ್ತತೊಡಗಿದವು. ನಳಿಗೆಯ ಅಳತೆಗೆ ಸರಿಯಾದ ಒಂಟಿ ಗುಂಡನ್ನು ಇದರಲ್ಲಿ ಹಾರಿಸಬೇಡಿ, ಮೂತಿಯಲ್ಲಿ ಸಿಕ್ಕಿಕೊಂಡೀತು ಎಂದು ಅರ್ಥ. 1887ರಿಂದ ಅದರ ಬದಲು ‘ಚೋಕ್’ ಎಂಬ ಪದವೇ ಬಂತು. ನಮ್ಮಲ್ಲಿ ಕೊಡಗಿನ ಐನ್‌ಮನೆಗಳಲ್ಲೋ, ಮಲೆನಾಡಿನ ಹಳೆಯ ತೋಟದ ಬಂಗಲೆಗಳಲ್ಲೋ ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆ ಕೋವಿ ಇದ್ದರೆ, ನಳಿಗೆಯ ಅಡಿಭಾಗದಲ್ಲಿ ಈ ಮುದ್ರೆಗಳಲ್ಲಿ ಒಂದು ಕಾಣಬಹುದು. ಯೂರೋಪಿನ ಇತರೆಡೆ ತಯಾರಾದ ಕೋವಿಗಳಲ್ಲಿ ಅಕ್ಷರದ ಬದಲು ನಕ್ಷತ್ರದ ಗುರುತು. ಒಂದು ನಕ್ಷತ್ರವೆಂದರೆ ಫುಲ್ ಚೋಕ್, ನಕ್ಷತ್ರ ಹೆಚ್ಚಿದಂತೆ ಮೂತಿ ಅಗಲ. ಹೋಟೆಲಿನ ನಕ್ಷತ್ರಗಳ ಲೆಕ್ಕ ತಿಳಿದವರಿಗೆ ಇದು ತಲೆಕೆಳಗು. ಕೊಡಗಿನ ಕೋವಿ ಹಕ್ಕಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೋವಿಗೆ ವಿನಾಯಿತಿ ಇದ್ದರೂ ಬೇಟೆಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ನಮ್ಮ ದೇಶದಲ್ಲಿ ಮೋಜಿನ ಶಿಕಾರಿಗೆ ಬಾಗಿಲು ಮುಚ್ಚಿದೆ. ಹಾಗಾಗಿ ಈ ಬರಹ ಇಲ್ಲಿನ ಯಾರಿಗೂ ಕೈಪಿಡಿಯಲ್ಲ.

ಇನ್ನು ಫೆಸೆಂಟ್. ಈ ಹೆಸರು ಬಂದದ್ದು ಇಂದಿನ ಜಾರ್ಜಿಯಾ ದೇಶದಲ್ಲಿ ಹರಿಯುವ, ಗ್ರೀಕರು ಫಾಸಿಸ್ ಎಂದು ಕರೆಯುತ್ತಿದ್ದ ನದಿಯಿಂದ. ಹಕ್ಕಿಯ ಮೂಲನೆಲೆ ಅಲ್ಲಿಂದ ಚೀನಾದವರೆಗಿನ ಏಷ್ಯಾ. ನಮ್ಮ ನವಿಲು, ಕಾಡುಕೋಳಿ, ಹಿಮಾಲಯದ ಮೋನಾಲ್ ಎಲ್ಲವೂ ಇದೇ ಕುಟುಂಬದವು. ಬೇಟೆಯವರ ಫೆಸೆಂಟ್ ಎಂದರೆ ಕತ್ತಿನ ಸುತ್ತ ಬಿಳಿ ಪಟ್ಟಿ, ತಾಮ್ರ ಬಣ್ಣದ ಮೈ, ಕೆಂಪು ಕೆನ್ನೆಯ ಹುಂಜ. ಬಾಲ ಸೇರಿ ಉದ್ದ ಎಂಬತ್ತು ತೊಂಬತ್ತು ಸೆಂಟಿಮೀಟರ್, ಅದರಲ್ಲಿ ಅರ್ಧ ಬಾಲವೇ. ತೂಕ ಒಂದೂಕಾಲು ಕಿಲೋ ಆಸುಪಾಸು. ಬೆದರಿದರೆ ಹಾರುವುದಕ್ಕಿಂತ ಓಡುವುದರಲ್ಲೇ ಇದಕ್ಕೆ ನಂಬಿಕೆ. ತೀರಾ ಕಾಲಬುಡಕ್ಕೆ ಬಂದಾಗ ಮಾತ್ರ ಕೂಗುತ್ತಾ ದಢಕ್ಕನೆ ಮೇಲೇಳುತ್ತದೆ.

ಇಂಗ್ಲೆಂಡಿನಲ್ಲಿ ಇದು ಶ್ರೀಮಂತರ ಹಕ್ಕಿಯಾಯಿತು. ಕಾವಲುಗಾರರು ಸಾಕಿ ಬಿಟ್ಟ ಹಕ್ಕಿಗಳನ್ನು ಆಳುಗಳು ಕೋಲು ಬಡಿದು ಎಬ್ಬಿಸಿ, ಸಾಲಾಗಿ ನಿಂತ ಧಣಿಗಳ ತಲೆಯ ಮೇಲೆ ಹಾರುವಂತೆ ಅಟ್ಟುತ್ತಿದ್ದರು. 1913ರ ಡಿಸೆಂಬರ್ 18ರಂದು ಹಾಲ್ ಬಾರ್ನ್ ಎಂಬಲ್ಲಿ ಐದನೇ ಜಾರ್ಜ್ ದೊರೆ ಮತ್ತು ಸಂಗಡಿಗರು, ಒಟ್ಟು ಏಳು ಕೋವಿಗಳು, ಒಂದೇ ದಿನ ಉರುಳಿಸಿದ ಫೆಸೆಂಟ್‌ಗಳ ಲೆಕ್ಕ 3,937. ಎರಡು ವರ್ಷ ಹಿಂದೆ ದೆಹಲಿ ದರ್ಬಾರಿಗೆ ಬಂದಿದ್ದ ದೊರೆಯೇ ಇವನು. ಹಿಂದಿರುಗುವಾಗ ಇವತ್ತು ನಾವು ಸ್ವಲ್ಪ ಅತಿ ಮಾಡಿದೆವೇನೋ ಎಂದು ಮಗನೊಡನೆ ಗೊಣಗಿದನಂತೆ. ಆ ಕಾಲದ ಹೆಸರಾಂತ ಗುರಿಕಾರ ಎರಡನೇ ಮಾರ್ಕ್ವಿಸ್ ಆಫ್ ರಿಪ್ಪನ್. ಸ್ಥಳೀಯ ಸ್ವಯಮಾಡಳಿತಕ್ಕೆ ಅಡಿಪಾಯ ಹಾಕಿದನೆಂದು ನಮ್ಮ ಶಾಲಾ ಪುಸ್ತಕಗಳಲ್ಲಿ ಓದುವ ವೈಸ್‌ರಾಯ್ ರಿಪ್ಪನ್ನನ ಮಗ. ತಾನು ಹೊಡೆದದ್ದನ್ನೆಲ್ಲ ಚೊಕ್ಕವಾಗಿ ಬರೆದಿಡುತ್ತಿದ್ದ ಈತನ ಜೀವಮಾನದ ಲೆಕ್ಕ ಐದು ಲಕ್ಷ ದಾಟುತ್ತದೆ. 1923ರಲ್ಲಿ ಬೇಟೆಯ ಬಯಲಿನಲ್ಲೇ ಸತ್ತ. ತಂದೆಯ ಹೆಸರು ಊರೂರಿನ ಮುನಿಸಿಪಾಲಿಟಿಗಳ ಜತೆ ಉಳಿಯಿತು, ಮಗನದು ಆ ಲೆಕ್ಕದ ಪುಸ್ತಕದ ಜತೆ.

ಇಂಥ ಅಟ್ಟುಬೇಟೆಯಲ್ಲಿ ಹಕ್ಕಿ ಸಿಗುವುದು ಬಹುಮಟ್ಟಿಗೆ ಇಪ್ಪತ್ತು ಮೂವತ್ತು ಗಜದಲ್ಲಿ. ಗ್ರೀನರನ ಬಿಗಿ ಮೂತಿ ಇಲ್ಲಿ ಅನುಕೂಲಕ್ಕಿಂತ ತೊಂದರೆಯೇ. ಇಪ್ಪತ್ತು ಗಜದಲ್ಲಿ ಸಿಲಿಂಡರ್ ಕೋವಿಯ ಚರೆ ಸುಮಾರು 32 ಅಂಗುಲ ಅಗಲಕ್ಕೆ ಹರಡಿದರೆ ಫುಲ್ ಚೋಕ್‌ನದು ಕೇವಲ 16 ಅಂಗುಲ. ಅಗಲ ಅರ್ಧವಾದರೆ ವಿಸ್ತೀರ್ಣ ಕಾಲು ಭಾಗವಾಗುತ್ತದೆ. ಗುರಿಕಾರನಿಗೆ ತಪ್ಪಲು ಸಿಗುವ ಅವಕಾಶ ಅಷ್ಟೂ ಹೆಚ್ಚು, ತಪ್ಪದಿದ್ದರೆ ಹಕ್ಕಿ ಊಟದ ಮೇಜಿಗೆ ಬಾರದು. ಚಿಂದಿಯಾಗುತ್ತದೆ ಎಂದು ಪತ್ರ ಬರೆದ ಹಳಬರ ಮಾತಿನಲ್ಲಿದ್ದ ಹುರುಳು ಇದು. ಹೀಗಾಗಿ ಚೋಕ್ ಹುಟ್ಟಿದ ನೆಲದಲ್ಲೇ ಚೋಕ್‌ನ ಹುಚ್ಚು ಕ್ರಮೇಣ ಇಳಿದು, ಬಲನಳಿಗೆ ತೆರೆದದ್ದು, ಎಡನಳಿಗೆ ಅರ್ಧ ಚೋಕ್ ಎಂಬಲ್ಲಿಗೆ ಬಂದು ನಿಂತಿತು.

ಅಮೆರಿಕದಲ್ಲಿ ಕಥೆ ಬೇರೆ. ಶಾಂಘೈನಲ್ಲಿ ಅಮೆರಿಕದ ಕಾನ್ಸಲ್ ಜನರಲ್ ಆಗಿದ್ದ ಓವನ್ ಡೆನ್ನಿ 1881-82ರಲ್ಲಿ ಚೀನಾದ ಫೆಸೆಂಟ್‌ಗಳನ್ನು ಹಡಗಿನಲ್ಲಿ ತನ್ನ ಆರೆಗನ್ ರಾಜ್ಯಕ್ಕೆ ಕಳುಹಿಸಿದ. ಮೊದಲ ಕಂತಿನ ಹಕ್ಕಿಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಸತ್ತವು. ಆಮೇಲೆ ಬಂದವು ವಿಲಾಮಿಟ್ ಕಣಿವೆಯಲ್ಲಿ ಹಬ್ಬಿದವು. ಹತ್ತು ವರ್ಷದೊಳಗೆ, 1892ರಲ್ಲಿ, ಅಲ್ಲಿ ಬೇಟೆಯ ಋತುವನ್ನೇ ತೆರೆಯಬೇಕಾಯಿತು. ಡೆನ್ನಿ ಅಷ್ಟರಲ್ಲಿ ಕೊರಿಯಾದ ದೊರೆಗೆ ಸಲಹೆಗಾರನಾಗಿ ಹೋಗಿ ಬಂದಿದ್ದ. ದೊಡ್ಡ ಬೆಳೆ ಬಂದದ್ದು ದಕ್ಷಿಣ ಡಕೋಟಾದಲ್ಲಿ. 1908-09ರ ಸುಮಾರಿಗೆ ರೆಡ್‌ಫೀಲ್ಡ್ ಊರಿನ ಸುತ್ತ ಬಿಟ್ಟ ಹಕ್ಕಿಗಳು ಮೆಕ್ಕೆಜೋಳದ ಹೊಲಗಳಲ್ಲಿ ಹೆಚ್ಚಿ, 1919ರ ಅಕ್ಟೋಬರ್ 30ರಂದು ಸ್ಪಿಂಕ್ ಕೌಂಟಿಯಲ್ಲಿ ಒಂದೇ ಒಂದು ದಿನದ ಮೊದಲ ಬೇಟೆ ನಡೆಯಿತು. 1943ರಲ್ಲಿ ಈ ಚೀನೀ ವಲಸೆಗಾರ ಆ ರಾಜ್ಯದ ಅಧಿಕೃತ ಪಕ್ಷಿಯೇ ಆದ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಬರ್ಡೀನ್ ರೈಲ್ವೆ ನಿಲ್ದಾಣದಲ್ಲಿ ಹಾದುಹೋಗುವ ಸೈನಿಕರಿಗೆ ಊರಿನ ಹೆಂಗಸರು ಫೆಸೆಂಟ್ ಸ್ಯಾಂಡ್‌ವಿಚ್ ಮಾಡಿ ಹಂಚುತ್ತಿದ್ದರು. ಬ್ರಿಟನ್ನಿನಲ್ಲಿ ಲಾರ್ಡ್‌ಗಳ ಹಕ್ಕಿಯಾಗಿದ್ದದ್ದು ಇಲ್ಲಿ ರೈತರ, ರೈಲ್ವೆ ನೌಕರರ ಹಕ್ಕಿ. ಅಟ್ಟಿ ಕೊಡುವ ಆಳುಗಳಿಲ್ಲ, ತಾವೇ ಸಾಲುಗಟ್ಟಿ ಜೋಳದ ಹೊಲದಲ್ಲಿ ನಡೆಯಬೇಕು. ಹೊಲದ ತುದಿಯಲ್ಲಿ ಕೆಲವರು ಓಡಿಬರುವ ಹಕ್ಕಿಗಳಿಗೆ ಅಡ್ಡ ನಿಲ್ಲುತ್ತಾರೆ. ಹೊಡೆಯಬೇಕಾದ್ದು ಹುಂಜವನ್ನು ಮಾತ್ರ. ಹೇಂಟೆಗೆ ಕೋವಿ ಎತ್ತುವಂತಿಲ್ಲ. ಅಂದರೆ ಹಕ್ಕಿ ಎದ್ದ ಅರೆಕ್ಷಣದಲ್ಲಿ ಬಣ್ಣ ನೋಡಿ ತೀರ್ಮಾನಿಸಬೇಕು, ಅಷ್ಟರಲ್ಲಿ ಅದು ಇನ್ನೂ ಹತ್ತು ಗಜ ದೂರ ಹೋಗಿರುತ್ತದೆ.

ಇಲ್ಲಿ ಬೇಟೆಗಾರನಿಗೆ ಕಾಣುವುದು ಬೆನ್ನು ತೋರಿಸಿ ಓಡುವ ಹಕ್ಕಿ. ಚರೆ ಹಿಂದಿನಿಂದ ಬಾಲದ ಬುಡ, ಕರುಳು, ಕೊಬ್ಬುಗಳನ್ನು ದಾಟಿ ಜೀವಸ್ಥಾನ ಮುಟ್ಟಬೇಕು. ಮರಿ ಬಾತುಕೋಳಿಗೂ ಕ್ವೇಲ್‌ಗೂ ಸಾಕಾಗುವ ಸಣ್ಣ ಚರೆ ಇದಕ್ಕೆ ಸಾಲದು. ಅಮೆರಿಕದಲ್ಲಿ ನಾಲ್ಕು, ಐದು, ಆರನೇ ನಂಬರು ಬಳಕೆಯಾಗುವುದು ಅದಕ್ಕೇ. ಚರೆ ದಪ್ಪವಾದಂತೆ ತೋಟಾದಲ್ಲಿ ಹಿಡಿಸುವ ಸಂಖ್ಯೆ ಕಡಿಮೆ. ಅಲ್ಲಿನ ಲೆಕ್ಕದಲ್ಲಿ ಒಂದು ಔನ್ಸಿಗೆ ಆರನೇ ನಂಬರು ಸುಮಾರು 225, ಐದು 170, ನಾಲ್ಕು 135. ಕಡಿಮೆ ಚರೆಯಿಂದ ದಟ್ಟ ಹರಹು ಬೇಕೆಂದರೆ ಮೂತಿ ಬಿಗಿಯಾಗಬೇಕು. ಇದೇ ತರ್ಕ ಹಿಡಿದು ಒಂದು ಇಡೀ ತಲೆಮಾರು ಫುಲ್ ಚೋಕ್ ಕೋವಿಯನ್ನೇ ಕೊಂಡಿತು. 1912ರಲ್ಲಿ ಬಂದ ವಿಂಚೆಸ್ಟರ್ ಮಾಡೆಲ್ 12ರಂಥ ಒಂಟಿನಳಿಗೆಯ ಪಂಪ್ ಕೋವಿ ಒಂದಿದ್ದರೆ ಬಾತುಕೋಳಿಯಿಂದ ಫೆಸೆಂಟ್‌ವರೆಗೆ ಅದೇ. ಬಿಗಿ ಮೂತಿ ಎಂದರೆ ‘ದೂರ ಹೊಡೆಯುವ ಕೋವಿ’ ಎಂಬ ಹೆಮ್ಮೆ ಬೇರೆ.

ಆದರೆ ನಳಿಗೆ ಒಂದೇ ಇದ್ದಾಗ ಒಂದೇ ಚೋಕ್. ಅಕ್ಟೋಬರಿನ ಮೊದಲ ವಾರದ ಎಳೆ ಹುಂಜ ಕಾಲಬುಡದಲ್ಲಿ ಎದ್ದರೂ ಅದೇ, ಡಿಸೆಂಬರಿನ ಹಿಮಗಾಳಿಯಲ್ಲಿ ಪಳಗಿದ ಹುಂಜ ನಲವತ್ತು ಗಜ ಆಚೆ ಎದ್ದರೂ ಅದೇ. ಈ ಪೇಚಿಗೆ ಪರಿಹಾರ ಹುಡುಕುವ ಹುರುಪು 1920ರ ದಶಕದ ಕೊನೆಯಿಂದ ಶುರುವಾಯಿತು. ಕರ್ನಲ್ ರಿಚರ್ಡ್ ಕಟ್ಸ್ ರೂಪಿಸಿದ ‘ಕಟ್ಸ್ ಕಾಂಪನ್ಸೇಟರ್’ ಮೂತಿಗೆ ಸಿಕ್ಕಿಸುವ ಕೊಳವೆಗಳ ಸಾಧನ. ಸಿನಿಮಾಗಳಲ್ಲಿ ಶಿಕಾಗೋ ಪುಂಡರ ಕೈಯಲ್ಲಿ ಕಾಣುವ ಥಾಮ್ಸನ್ ಗನ್ನಿನ ಮೂತಿಯ ತೂತುಗಳು ಇದೇ ಸಾಧನದ್ದು. ‘ಪಾಲಿ ಚೋಕ್’ ಎಂಬುದು ನಲ್ಲಿಯಂತೆ ತಿರುಗಿಸಿದರೆ ಬಿಗಿಯಾಗುವ, ಸಡಿಲವಾಗುವ ಮೂತಿ. ನೋಡಲು ಅಂದವಿಲ್ಲ, ಕೋವಿಗೆ ಗಳಗಂಡ ಬಂದಂತೆ. ಕೆಲಸ ಮಾತ್ರ ಮಾಡುತ್ತಿತ್ತು. ನಳಿಗೆಯ ಒಳಗೇ ಕಾಣದಂತೆ ಕೂರುವ ತಿರುಪಿನ ಕೊಳವೆಗಳು 1960ರ ದಶಕದಲ್ಲಿ ವಿಂಚೆಸ್ಟರ್ ಕಂಪೆನಿಯಿಂದ ಬಂದು, ಮುಂದಿನ ಎರಡು ದಶಕಗಳಲ್ಲಿ ಎಲ್ಲೆಡೆ ಹರಡಿದವು. 1868ರ ರೋಪರ್‌ನ ವಿಚಾರ ಜನಬಳಕೆಗೆ ಬರಲು ನೂರು ವರ್ಷ ಹಿಡಿಯಿತು.

ಅದೇ 1960ರ ದಶಕದ ಆರಂಭದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಅದುವರೆಗೆ ತೋಟಾದಲ್ಲಿ ಮದ್ದಿಗೂ ಚರೆಗೂ ನಡುವೆ ಇರುತ್ತಿದ್ದದ್ದು ಉಣ್ಣೆ ಕಂಬಳಿಯಂಥ ಬಿಲ್ಲೆ. ಅದರ ಜಾಗಕ್ಕೆ ಚರೆಯನ್ನು ಬಟ್ಟಲಂತೆ ಸುತ್ತಿಕೊಳ್ಳುವ ಪ್ಲಾಸ್ಟಿಕ್ ತುಂಡು ಬಂತು. ಚರೆ ನಳಿಗೆಗೆ ಉಜ್ಜುವುದು ತಪ್ಪಿತು, ಆಕಾರ ಕೆಡುವುದು ಕಡಿಮೆಯಾಯಿತು, ಅದೇ ಹಳೆಯ ಕೋವಿ ಮೊದಲಿಗಿಂತ ಒತ್ತಾಗಿ ಹೊಡೆಯತೊಡಗಿತು. ಅಜ್ಜ ಕೊಂಡಾಗ ಮಾಡಿಫೈಡ್ ಆಗಿದ್ದ ಮೂತಿ ಮೊಮ್ಮಗನ ಕೈಯಲ್ಲಿ ಫುಲ್‌ನಂತೆ ವರ್ತಿಸತೊಡಗಿದರೆ ಆಶ್ಚರ್ಯವಿಲ್ಲ. ಮೂತಿಯ ಅಳತೆ ಬದಲಾಗಿಲ್ಲ, ತೋಟಾ ಬದಲಾಗಿದೆ. ಬಹಳ ಮಂದಿ ಇದನ್ನು ಗಮನಿಸದೆ ‘ನನ್ನ ಗುರಿ ಕೆಟ್ಟಿತು’ ಎಂದುಕೊಂಡಿರಬೇಕು.

ಹೆಸರುಗಳ ಗೊಂದಲವೂ ಕಡಿಮೆಯಿಲ್ಲ. ಬ್ರಿಟಿಷರು ಕಾಲು, ಅರ್ಧ, ಮುಕ್ಕಾಲು ಎಂದು ಲೆಕ್ಕ ಹಿಡಿಯುತ್ತಾರೆ. ಅವರ ಕಾಲು ಚೋಕ್ ಸಾವಿರದಲ್ಲಿ ಹತ್ತು ಭಾಗದ ಇಕ್ಕಟ್ಟು. ಅದಕ್ಕೆ ಅಮೆರಿಕದಲ್ಲಿ ಹೆಸರು ಇಂಪ್ರೂವ್ಡ್ ಸಿಲಿಂಡರ್. ಬ್ರಿಟನ್ನಿನಲ್ಲಿ ಅದೇ ಹೆಸರಿಗೆ ಐದು ಭಾಗವಷ್ಟೇ.

ಹಾಗಾದರೆ ಫೆಸೆಂಟ್‌ಗೆ ಯಾವ ಚೋಕ್? ನಾಯಿ ಹಕ್ಕಿಯನ್ನು ಹಿಡಿದು ನಿಲ್ಲಿಸಿ ಇಪ್ಪತ್ತು ಇಪ್ಪತ್ತೈದು ಗಜದೊಳಗೆ ಎಬ್ಬಿಸುವ ಕಡೆ ಇಂಪ್ರೂವ್ಡ್ ಸಿಲಿಂಡರ್ ಎಂಬುದರಲ್ಲಿ ಹೆಚ್ಚು ವಾದವಿಲ್ಲ. ಒಂದೇ ನಳಿಗೆಯಿದ್ದು, ಹೊಲ ಹೇಗಿರುತ್ತದೋ ಗೊತ್ತಿಲ್ಲದಿದ್ದರೆ ಮಾಡಿಫೈಡ್. ಜೋಡುನಳಿಗೆಯಾದರೆ ಮೊದಲ ಈಡಿಗೆ ಇಂಪ್ರೂವ್ಡ್, ಹಕ್ಕಿ ಇನ್ನಷ್ಟು ದೂರವಾದ ಮೇಲೆ ಬರುವ ಎರಡನೇ ಈಡಿಗೆ ಮಾಡಿಫೈಡ್. ಜೋಡುನಳಿಗೆಯವರ ಈ ಅನುಕೂಲ ಉಳಿದವರಿಗಿಲ್ಲ. ಫುಲ್ ಚೋಕ್ ಋತುವಿನ ಕೊನೆಯ ಗಾಳಿಯ ದಿನಗಳಿಗೆ, ಅದೂ ಕೈ ಪಳಗಿದವರಿಗೆ. ಮೇಜರ್ ಜೆರಾಲ್ಡ್ ಬರಾರ್ಡ್ 1931-32ರಲ್ಲಿ ಮೂರು ಸಂಪುಟಗಳಲ್ಲಿ ಬರೆದ ‘ದಿ ಮಾಡರ್ನ್ ಶಾಟ್‌ಗನ್’ ಕಾಲದಿಂದಲೂ ಲೆಕ್ಕ ಹಾಕಿದವರೆಲ್ಲ ಹೆಚ್ಚು ಕಡಿಮೆ ತೆರೆದ ಮೂತಿಯ ಕಡೆಗೇ ವಾಲಿದ್ದಾರೆ, ಕೊಳ್ಳುವವರು ಬಿಗಿಯ ಕಡೆಗೆ. ಚೋಕ್‌ನಿಂದ ಸರಿಹೋಗದ ತಪ್ಪೂ ಒಂದುಂಟು. ಹುಂಜದ ಅರ್ಧ ಉದ್ದ ಬಾಲವಾದ್ದರಿಂದ ಕಣ್ಣು ಇಡೀ ಹಕ್ಕಿಯ ನಡುಮಧ್ಯಕ್ಕೆ ಗುರಿಯಿಡುತ್ತದೆ. ಆ ನಡುಮಧ್ಯ ಎಂದರೆ ಬಾಲದ ಬುಡ. ಚರೆ ಗರಿಗಳನ್ನಷ್ಟೇ ಉದುರಿಸುತ್ತದೆ, ಇಲ್ಲವೇ ಹಿಂಭಾಗಕ್ಕೆ ಒಂದೆರಡು ತಗಲಿ ಹಕ್ಕಿ ಕುಂಟುತ್ತಾ ಓಡುತ್ತದೆ. ಓಡುವುದರಲ್ಲಿ ನಿಸ್ಸೀಮನಾದ ಹಕ್ಕಿ, ಒಳ್ಳೆಯ ನಾಯಿಯಿಲ್ಲದಿದ್ದರೆ ಅದು ಸಿಗುವುದಿಲ್ಲ. ಅರವತ್ತು ಗಜಕ್ಕೆ ‘ಬಿಟ್ಟು ನೋಡುವ’ ಚಪಲಕ್ಕೆ ಫುಲ್ ಚೋಕ್ ಕುಮ್ಮಕ್ಕು ಕೊಡುತ್ತದೆ ಎಂಬುದೇ ಅದರ ಮೇಲಿನ ದೊಡ್ಡ ಆರೋಪ.

ಈ ಲೆಕ್ಕವನ್ನೆಲ್ಲ ಮತ್ತೊಮ್ಮೆ ಬುಡಮೇಲು ಮಾಡಿದ್ದು ಸೀಸದ ಮೇಲಿನ ನಿಷೇಧ. ಕೆರೆಯ ತಳದಲ್ಲಿ ಬಿದ್ದ ಸೀಸದ ಚರೆಯನ್ನು ಬಾತುಕೋಳಿಗಳು ಕಲ್ಲೆಂದು ನುಂಗಿ ವಿಷವೇರಿ ಸಾಯುತ್ತಿದ್ದವು. ಅವುಗಳನ್ನು ತಿಂದ ಹದ್ದುಗಳೂ ಸಾಯುತ್ತಿದ್ದವು. ಅಮೆರಿಕ 1991ರಲ್ಲಿ ಜಲಪಕ್ಷಿ ಬೇಟೆಗೆ ಸೀಸದ ಚರೆಯನ್ನು ದೇಶವಿಡೀ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಎಲ್ಲ ಬೇಟೆಗೂ ನಿಷೇಧಿಸಿತು. ಕ್ಯಾಲಿಫೋರ್ನಿಯಾ 2019ರಲ್ಲಿ ಅದೇ ದಾರಿ ಹಿಡಿಯಿತು. ಫೆಸೆಂಟ್ ಬೇಟೆಗೆ ಅಮೆರಿಕದಲ್ಲಿ ದೇಶವ್ಯಾಪಿ ನಿಷೇಧವಿಲ್ಲದಿದ್ದರೂ ಹಲವು ಸರ್ಕಾರಿ ನೆಲಗಳಲ್ಲಿ ಸೀಸ ಒಯ್ಯುವಂತಿಲ್ಲ.

ಬದಲಿಗೆ ಬಂದದ್ದು ಉಕ್ಕಿನ ಚರೆ. ಸಾಂದ್ರತೆಯಲ್ಲಿ ಸೀಸ 11ರ ಮೇಲಿದ್ದರೆ ಉಕ್ಕು 8ಕ್ಕಿಂತ ಕೆಳಗೆ. ಹಗುರಾದ್ದರಿಂದ ಬೇಗ ವೇಗ ಕಳೆದುಕೊಳ್ಳುತ್ತದೆ. ಅದಕ್ಕೆಂದು ಎರಡು ನಂಬರು ದಪ್ಪದ ಚರೆ ಹಾಕುತ್ತಾರೆ. ಇನ್ನೊಂದು ಕಡೆ ಅದು ಗಟ್ಟಿ. ನಳಿಗೆಯಲ್ಲಿ ಆಕಾರ ಕೆಡುವುದಿಲ್ಲ, ದುಂಡಗೇ ಉಳಿದು ನೇರವಾಗಿ ಹೋಗುತ್ತದೆ. ಅಂದರೆ ಸೀಸಕ್ಕೆ ಮಾಡಿಫೈಡ್ ಆದದ್ದು ಉಕ್ಕಿಗೆ ಹೆಚ್ಚುಕಡಿಮೆ ಫುಲ್. ಒಂದು ಮೆಟ್ಟಿಲು ತೆರೆದ ಚೋಕ್ ಹಾಕಬೇಕು. ಹಾಕದೆ, ಬಿಗಿ ಮೂತಿಯ ಹಳೆಯ ತೆಳು ನಳಿಗೆಯಲ್ಲಿ ದಪ್ಪ ಉಕ್ಕಿನ ಚರೆ ಹಾರಿಸಿದರೆ ಅದು ಸೀಸದಂತೆ ಹಿಂಡಿಕೊಂಡು ದಾಟುವುದಿಲ್ಲ. ಚೋಕ್ ಇರುವ ಕಡೆ ನಳಿಗೆ ಉಬ್ಬಿಕೊಳ್ಳುತ್ತದೆ.

ಬ್ರಿಟನ್ನಿನಲ್ಲಿ ಈಗ ನಡೆಯುತ್ತಿರುವ ತಕರಾರು ಇದೇ. 2020ರಲ್ಲಿ ಅಲ್ಲಿನ ಒಂಬತ್ತು ಬೇಟೆ ಮತ್ತು ಗ್ರಾಮೀಣ ಸಂಘಟನೆಗಳು ಐದು ವರ್ಷದಲ್ಲಿ ಸ್ವಯಂಪ್ರೇರಿತವಾಗಿ ಸೀಸ ಬಿಡುವುದಾಗಿ ಘೋಷಿಸಿದವು. ಮೊದಲ ಋತುವಿನಲ್ಲಿ ಸಂಶೋಧಕರು ಅಂಗಡಿಗಳಿಂದ ಕೊಂಡ ಫೆಸೆಂಟ್‌ಗಳನ್ನು ಕತ್ತರಿಸಿ ನೋಡಿದರು. ಚರೆ ಸಿಕ್ಕಿದ 180 ಹಕ್ಕಿಗಳಲ್ಲಿ 179ರಲ್ಲಿ ಇದ್ದದ್ದು ಸೀಸವೇ. 2025ರ ಜುಲೈನಲ್ಲಿ ಸರ್ಕಾರ ಮೂರು ವರ್ಷದ ಕಾಲಾವಕಾಶದೊಂದಿಗೆ ಕಾನೂನು ನಿರ್ಬಂಧ ತರುವುದಾಗಿ ಪ್ರಕಟಿಸಿತು. ಬಿಸ್ಮತ್ ಎಂಬ ಮೆತ್ತನೆಯ ಲೋಹದ ಚರೆ ಹಳೆಯ ಕೋವಿಗೂ ಹೊಂದುತ್ತದೆ, ಆದರೆ ಬೆಲೆ ಉಕ್ಕಿನ ಹಲವು ಪಟ್ಟು. ಅಷ್ಟು ತೆರಲಾಗದವರು, ನಳಿಗೆಯ ಗೋಡೆ ದಪ್ಪವಿದ್ದರೆ, ಕಮ್ಮಾರಿಕೆ ಬಲ್ಲ ಕೋವಿ ರಿಪೇರಿಯವರ ಬಳಿ ಒಯ್ದು ಬಿಗಿ ಚೋಕನ್ನು ಅರ್ಧದವರೆಗೆ ಕೊರೆಸುತ್ತಿದ್ದಾರೆ. ಕೊರೆದ ಮೇಲೆ ಮತ್ತೆ ಕಾಗದ ಕಟ್ಟಿ, ನಲವತ್ತು ಗಜ ಅಳೆದು, ತೂತು ಎಣಿಸುವ ಕೆಲಸ ಇದ್ದೇ ಇದೆ.